ಮಗ್ಗ ನಿಂತ ಎಂಟು ದಿನ

ಈಗಷ್ಟೇ ಕರೆಂಟು ಹೋಯಿತು. ಬೇರೆ ಊರುಗಳಲ್ಲಿ ಕರೆಂಟು ಹೋದರೆ ಜನ ತಲೆಯೆತ್ತಿ ಫ್ಯಾನು ನೋಡುತ್ತಾರೆ. ನಮ್ಮ ಬನಹಟ್ಟಿಯಲ್ಲಿ ಓಣಿಯ ಅಷ್ಟೂ ಮಗ್ಗಗಳು ಒಮ್ಮೆಲೇ ನಿಂತು ಕಿವಿ ಖಾಲಿಯಾಗುತ್ತದೆ. ನನ್ನ ಕೈ ಮಾತ್ರ ನೆಟ್ಟಗೆ ಎದೆಗೆ ಹೋಗುತ್ತದೆ. ಏಳು ವರ್ಷವಾದರೂ ಈ ಕೈಗೆ ಬುದ್ಧಿ ಬಂದಿಲ್ಲ. ಅದರಲ್ಲೂ ಹತ್ತು ದಿನದಿಂದ ಮನೆಯಲ್ಲಿ ಯಾರಿಗೂ ಹೇಳದ ಮಾತೊಂದನ್ನು ಹೊತ್ತು ತಿರುಗುತ್ತಿದ್ದೇನೆ. ನಿಮಗಾದರೂ ಹೇಳಿಬಿಡುತ್ತೇನೆ: ನಾನು ಮತ್ತೆ ಬಸುರಿ.

ನಾನು ಬೀಳಗಿಯವಳು. ನಮ್ಮ ತವರಿನಲ್ಲಿ ಮಧ್ಯಾಹ್ನ ಯಾರಾದರೂ ಕೆಮ್ಮಿದರೆ ಅದು ಯಾರೆಂದು ಇಡೀ ಓಣಿಗೆ ತಿಳಿಯುತ್ತದೆ. ಮದುವೆಯಾಗಿ ಬಂದದ್ದು ಪಡಸಾಲೆಯ ಪಕ್ಕದಲ್ಲೇ ನಾಲ್ಕು ಪವರ್‌ಲೂಮು ಬಡಿಯುವ ಈ ಮನೆಗೆ. ಮೊದಮೊದಲು ಯಾರ ಮಾತೂ ಕೇಳುತ್ತಿರಲಿಲ್ಲ. ಕೇಳದ್ದಕ್ಕೆಲ್ಲ ‘ಹೂಂರಿ’ ಅನ್ನುತ್ತಿದ್ದೆ. ಸೊಸೆ ಭಾಳ ಸಂಭಾವಿತಳು ಎಂಬ ಹೆಸರು ಬಂತು. ಆರು ತಿಂಗಳಲ್ಲಿ ಒದರಿ ಮಾತಾಡುವುದನ್ನು ಕಲಿತೆ, ಆ ಹೆಸರೂ ಹೋಯಿತು.

ಮೊದಲ ಬಸುರಿನ ಐದನೇ ತಿಂಗಳು. ರೊಟ್ಟಿ ಬಡಿಯುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು, ಬೆರಳು ಜುಮುಗುಟ್ಟಿದವು, ಉಸಿರು ಅರ್ಧಕ್ಕೇ ನಿಂತಂತಾಯಿತು. ಈಗ ಸಾಯುತ್ತೇನೆ, ಹೊಟ್ಟೆಯಲ್ಲಿರುವುದೂ ಸಾಯುತ್ತದೆ ಎಂದು ಖಾತ್ರಿಯಾಯಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ನಾನು ಸಾಯಲಿಲ್ಲ. ಅಂದಿನಿಂದ ವಾರಕ್ಕೆರಡು ಸಲ, ಮೂರು ಸಲ ಅದೇ ಗತಿ. ದವಾಖಾನೆಯಲ್ಲಿ ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿ, ಏನೂ ಇಲ್ಲ ಅಂದರು. ಗಂಡನೂ ಏನೂ ಇಲ್ಲ ಅಂದ. ಏನೂ ಇಲ್ಲದ್ದಕ್ಕೆ ಇಷ್ಟು ಅಂಜುವವಳಿಗೆ ತಲೆ ಕೆಟ್ಟಿರಬೇಕೆಂದು ನನಗೇ ಅನ್ನಿಸಿತು. ಸುಮ್ಮನಾದೆ. ನಾಡಿ ನೋಡಿಕೊಳ್ಳಲು ಸದಾ ಮಣಿಕಟ್ಟು ಹಿಡಿದಿರುತ್ತಿದ್ದೆ. ಬಳೆ ಬಿಗಿಯಾಗಿವೆ ಎಂದುಕೊಂಡು ಗಂಡ, ಪಾಪ, ದೊಡ್ಡ ಅಳತೆಯ ಬಳೆ ತಂದ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ, ಮಗ್ಗದ ಸಪ್ಪಳ ಒಳಗಿನ ಕೂಸಿಗೆ ಬಡಿಯುತ್ತಿದೆ, ಅದಕ್ಕೇ ತಾಯಿ ಬೆದರುತ್ತಾಳೆ ಎಂದು ಹೇಳಿಹೋದಳು. ಮನೆಗೆ ಬೀಗರು ಬಂದರೂ ಮಗ್ಗ ನಿಲ್ಲಿಸದ ನಮ್ಮತ್ತೆ ಅಂದೇ ನಾಲ್ಕೂ ಬಂದ್ ಮಾಡಿಸಿದರು. ಗಂಡ ಬೇರೆಯವರ ಶೆಡ್ಡಿಗೆ ನೇಯಲು ಹೋದ. ಮನೆಯಲ್ಲಿ ಎಲ್ಲರೂ ಪಿಸುಮಾತಿನಲ್ಲಿ ಓಡಾಡಿದರು.

ಆ ಎಂಟು ದಿನ ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಮಗ್ಗ ಬಡಿಯುವಾಗ ನನ್ನ ಎದೆ ನನಗೆ ಕೇಳುತ್ತಿರಲಿಲ್ಲ. ಓಣಿಯ ಉಳಿದ ಮಗ್ಗಗಳು ಗೋಡೆಯಾಚೆ ದೂರದಲ್ಲಿ ಬಡಿಯುತ್ತಿದ್ದವು, ಮನೆಯೊಳಗೆ ಈಗ ಅದೊಂದೇ ಕೇಳುತ್ತಿತ್ತು. ಒಂದು ಬಡಿತ ತಪ್ಪಿತೇ ಎಂದು ಕಾಯುವುದು, ಕಾದಷ್ಟೂ ಅದು ಜೋರಾಗುವುದು. ಸಾಯುವಂಥ ಆ ಗತಿ ಬರುವುದಕ್ಕೆ ಮೊದಲೇ, ಬಂದೀತೆಂಬ ಅಂಜಿಕೆ. ನನಗಾಗಿ ಇಡೀ ಮನೆ ಮಗ್ಗ ನಿಲ್ಲಿಸಿರುವಾಗ, ಇದರಿಂದಲೇ ಅಂಜಿಕೆ ಹೆಚ್ಚಾಗಿದೆ ಎಂದು ಯಾವ ಬಾಯಿಂದ ಹೇಳಲಿ?

ಒಂಬತ್ತನೇ ದಿನ ತಡೆಯಲಾಗಲಿಲ್ಲ. “ಮಗ್ಗ ಚಾಲೂ ಮಾಡಸ್ರಿ, ಅತ್ತಿ. ನನಗ ಮಗ್ಗದ ಸಪ್ಪಳದ ಅಂಜಿಕಿ ಇಲ್ಲ. ನನ್ನ ಎದಿ ಸಪ್ಪಳದ ಅಂಜಿಕಿ ಐತಿ” ಎಂದೆ.

ಅತ್ತೆ ನನ್ನ ಹತ್ತಿರಕ್ಕೆ ಸರಿದು ಕೂತರು. ಆಮೇಲೆ, “ಎಂಟ ದಿನ ಒಬ್ಬಾಕಿನ ಹೆಂಗ ತಡಕೊಂಡಿ ಯವ್ವಾ?” ಎಂದರು. ಏನೂ ಇಲ್ಲ ಅನ್ನಲಿಲ್ಲ. ನಾನು ಅತ್ತದ್ದು ಅದಕ್ಕೇ.

ಅಂದೇ ಮಗ್ಗ ಚಾಲೂ ಮಾಡಿಸಿದರು. ಮರುದಿನ ಅವರೇ ಜಮಖಂಡಿಗೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದರು. ಇದೂ ಒಂದು ಕಾಯಿಲೆ, ಬಸುರಿಯರಿಗೂ ಬರುತ್ತದೆ, ಇದಕ್ಕೆ ಉಪಚಾರವಿದೆ ಎಂದು ಆ ಡಾಕ್ಟರು ತಿಳಿಸಿ ಹೇಳಿದರು. ಅಂಜಿಕೆ ಒಮ್ಮೆಲೇ ಓಡಿಹೋಗಲಿಲ್ಲ. ಹೆರಿಗೆಯವರೆಗೂ ಬರುತ್ತಲೇ ಇತ್ತು, ಆದರೆ ಬಂದದ್ದು ಹೋಗುತ್ತದೆ ಎಂದು ತಿಳಿದಿತ್ತು. ಮಗಳು ಹುಟ್ಟಿದಳು. ಈಗ ಶಾಲೆಯಲ್ಲಿ ಎರಡನೇ ಇಯತ್ತೆ.

ಇಷ್ಟು ಬರೆದು, ಪೆನ್ನು ಇಟ್ಟು, ಅಡುಗೆಮನೆಗೆ ಹೋದೆ. ಅತ್ತೆ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಎದುರಿಗೆ ಕೂತು ಒಂದೇ ಉಸಿರಿನಲ್ಲಿ ಹೇಳಿದೆ. “ನಾ ಮತ್ತ ಬಸರಾಗೇನ್ರಿ, ಅತ್ತಿ. ಅಂಜಿಕಿನೂ ಬಂದೈತ್ರಿ.”

ಎಷ್ಟು ದಿನವಾಯಿತೆಂದು ಕೇಳಿದರು. ಗೊತ್ತಾಗಿ ಹತ್ತು ದಿನ ಎಂದೆ. ಹೋದ ಸಲಕ್ಕಿಂತ ಎರಡು ದಿನ ಹೆಚ್ಚಿಗೆಯೇ ಮುಚ್ಚಿಟ್ಟೆಯಲ್ಲ ಎಂದು ಬೈದರು. ಬೈಯುತ್ತಲೇ ಕೈಯ ಮಣ್ಣು ಸೆರಗಿಗೆ ಒರೆಸಿ ನನ್ನ ಕೈ ಹಿಡಿದುಕೊಂಡರು.

“ನಾಳೆ ಜಮಖಂಡಿಗೆ ಹೋಗೂಣು. ಬಸರಿಂದ ಒಬ್ಬ ಡಾಕ್ಟರ, ಅಂಜಿಕಿದ ಒಬ್ಬ ಡಾಕ್ಟರ. ಮದಲ ಯಾರ ಕಡೆ ಹೋಗೂಣು, ನೀನ ಹೇಳು.”

“ಮದಲ ಅಂಜಿಕಿದ್ರಿ” ಎಂದೆ.