ಒಂದೇ ತೋಳಿನ ರವಿಕೆ

ನಮ್ಮ ಮನೆಯ ಹೆಣ್ಣು ಕಾಲೇಜು ಮುಗಿಸುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಅದನ್ನು ಹೇಳಿದ್ದು ಫರಂಗಿಪೇಟೆಯ ಟೈಲರಕ್ಕನ ಕೋಣೆಯಲ್ಲಿ, ನನ್ನ ಮದುವೆಯ ಬಟ್ಟೆ ಹೊಲಿಸುವ ಮಾತೆತ್ತಿದಾಗ. ಅಕ್ಕನ ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳಿದ್ದವು. ಚುಚ್ಚಿಸಿಕೊಂಡೇ ಅವರ ಎಡಗೈ ತೋರುಬೆರಳಿನ ತುದಿ ಜರಡಿಯಂತಾಗಿತ್ತು. ಅವರು ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಸಿಕ್ಕಿಸಿದರು.

ನಮ್ಮ ಕ್ರಿಸ್ತುವರ ಮದುವೆಯಲ್ಲಿ ಮದುಮಗಳ ಪಕ್ಕ ನಿಲ್ಲುವ ಗೆಳತಿಯನ್ನು ಧೇಡಿ ಎನ್ನುತ್ತಾರೆ. ಮದುವೆಯಾಗದವಳೇ ಆಗಬೇಕು. ಗೆಳತಿಯನ್ನು ಚಂದದಲ್ಲಿ ಕೇಳುವುದು ಹೇಗೆಂದು ಹುಡುಗಿಯರು ಟೈಲರಕ್ಕನ ಬಳಿ ಬರುತ್ತಿದ್ದರು. "ಬಾಯಲ್ಲಿ ಕೇಳಿದರೆ ಬಾಯಲ್ಲೇ ಇಲ್ಲ ಅಂತಾರೆ. ಕೈಗೆ ಕೊಟ್ಟು ಕೇಳಬೇಕು" ಎನ್ನುವರು ಅಕ್ಕ. ಸಿದ್ಧಕಟ್ಟೆಯ ಒಬ್ಬಳಿಗಾಗಿ, ಅವಳ ಗೆಳತಿಯ ಲಂಗದ ಅಂಚಿನ ಒಳಗೆ ಮದುವೆಯ ದಿನವನ್ನು ಕೆಂಪು ನೂಲಿನಲ್ಲಿ ಹೊಲಿದಿದ್ದರು. ಇನ್ನೊಬ್ಬಳು ಕಳುಹಿಸಿದ ಕರವಸ್ತ್ರದಲ್ಲಿ ಎರಡು ಹೂಗಳ ಗೆರೆಯಿತ್ತು, ಕಸೂತಿ ಒಂದಕ್ಕೆ ಮಾತ್ರ. ಉಳಿದದ್ದನ್ನು ಗೆಳತಿ ತುಂಬಿಸಿ ಕಳುಹಿಸಿದರೆ ಒಪ್ಪಿಗೆ.

ಅಕ್ಕನಿಗೂ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದ ಗಂಡು ಗೊತ್ತಾಗಿತ್ತು. ಅವನು ಬರುವ ದಿನ ಮುಂದೆ ಮುಂದೆ ಹೋಗಿ, ಅಷ್ಟರಲ್ಲಿ ಅವರ ಗೆಳತಿಯರೆಲ್ಲ ಮಕ್ಕಳ ತಾಯಂದಿರಾಗಿದ್ದರು.

ನಾನಾಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ತಂದೆಯಿಲ್ಲದ ನನಗೆ ದೊಡ್ಡಪ್ಪ ಮೂಡಬಿದಿರೆ ಕಡೆಯ ಸಂಬಂಧವೊಂದನ್ನು ಹೆಚ್ಚುಕಡಿಮೆ ಗೊತ್ತು ಮಾಡಿದ್ದರು. ದೊಡ್ಡಪ್ಪ ಆ ಮಾತು ಹೇಳಿದ ಮರುದಿನ ಅಕ್ಕ ನನ್ನನ್ನು ಕರೆಸಿ ಕೈಯಲ್ಲೊಂದು ಪೊಟ್ಟಣವಿಟ್ಟರು. ಒಳಗೆ ತಿಳಿಗುಲಾಬಿ ಬಣ್ಣದ ರವಿಕೆ, ಒಂದೇ ತೋಳು.

"ಇನ್ನೊಂದು ತೋಳು ನನ್ನ ಮದುವೆಯ ಬೆಳಿಗ್ಗೆ ಹೊಲಿದು ಕೊಡ್ತೇನೆ. ಧೇಡಿಯಾಗಿ ನಿಲ್ತೀಯಾ?"

ನಾನು ತೆಗೆದುಕೊಂಡೆ. ಒಪ್ಪಿದ ಧೇಡಿ ತಾನೇ ಮೊದಲು ಮದುವೆಯಾದರೆ ಮದುಮಗಳಿಗೆ ಕೇಡು ಎಂದು ನಮ್ಮ ಮನೆಯ ಹಿರಿಯರು ನಂಬಿದ್ದರು. ದೊಡ್ಡಪ್ಪ ಕೂಗಾಡಿದರು, ಆದರೆ ಮೀರುವ ಧೈರ್ಯ ಅವರಿಗೂ ಬರಲಿಲ್ಲ. ಸಂಬಂಧ ತಪ್ಪಿಹೋಯಿತು. ಕಾನ್ವೆಂಟಿನ ಸಿಸ್ಟರುಗಳು ನನ್ನನ್ನು ಕಾಲೇಜಿಗೆ ಸೇರಿಸಿದರು, ನಾನು ಮಂಗಳೂರಿನ ಬಸ್ಸು ಹತ್ತಿದೆ. ವರ್ಷಕ್ಕೊಮ್ಮೆ ಅಕ್ಕ ಆ ರವಿಕೆಯ ಬದಿಯ ಹೊಲಿಗೆ ಬಿಚ್ಚಿ ನನ್ನ ಮೈಗೆ ಸರಿಯಾಗಿ ಅಗಲ ಮಾಡುತ್ತಿದ್ದರು, ದೊಡ್ಡಪ್ಪನಿಗೆ ಕಾಣುವಂತೆ.

ಮೂರನೆಯ ವರ್ಷ, ಒಂದು ಭಾನುವಾರ, ಪೂಜೆ ಬಿಟ್ಟ ಮೇಲೆ ಇಗರ್ಜಿಯ ಅಂಗಳದಲ್ಲಿ ದೊಡ್ಡಪ್ಪ ಅಕ್ಕನನ್ನು ತಡೆದರು.

"ನಿನ್ನ ಗಂಡು ಬೊಂಬಾಯಿಯಿಂದ ನಡೆದುಕೊಂಡೇ ಬರುವುದಾ ಮಾರಾಯ್ತಿ?"

ಜನ ನಕ್ಕರು.

"ಬರುವವರು ಬರ್ತಾರೆ. ಆಗ ಧೇಡಿ ಇಲ್ಲದಿದ್ದರೆ ನೀವು ನಿಲ್ತೀರಾ ನನ್ನ ಪಕ್ಕ?"

ಜನ ಇನ್ನೂ ಜೋರಾಗಿ ನಕ್ಕರು. ಮನೆಯ ದಾರಿಯಲ್ಲಿ ಅಕ್ಕ ತಲೆಯ ಮೇಲಿನ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಗೇರುಮರದ ತಿರುವಿನವರೆಗೂ ತೆಗೆಯಲಿಲ್ಲ.

ನನ್ನ ಕೊನೆಯ ವರ್ಷದಲ್ಲಿ ಅವರು ಕೆಮ್ಮಲು ಶುರುಮಾಡಿದರು. ಹೊಲಿಯುವ ಬಟ್ಟೆಗೆ ರಕ್ತ ತಾಗಬಾರದೆಂದು ಮೆಷಿನಿನಿಂದ ದೂರ ಕುಳಿತರು, ಆಮೇಲೆ ಮಲಗಿದರು. ನನ್ನ ಪರೀಕ್ಷೆಗೆ ಮೂರು ವಾರವಿರುವಾಗ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಕೋಣೆ ಖಾಲಿ ಮಾಡಲು ಹೋದವಳು ನಾನೇ. ಮೆಷಿನಿನ ಖಾನೆಯಲ್ಲಿ ಆ ತೋಳು ಇತ್ತು. ಕತ್ತರಿಸಿ, ಅಂಚು ಮಡಿಸಿ ಹೊಲಿದದ್ದು. ಜೋಡಿಸಲು ಕಾಲು ಗಂಟೆ ಸಾಕಿತ್ತು. ಅದರೊಳಗೆ ಸುತ್ತಿಟ್ಟ ಒಂದು ಪತ್ರ: ಬೊಂಬಾಯಿಯವನು ಅಲ್ಲಿಯೇ ಬೇರೆ ಮದುವೆಯಾಗಿದ್ದ. ತಾರೀಕು ನೋಡಿದೆ. ಅಕ್ಕ ನನಗೆ ರವಿಕೆ ಕೊಟ್ಟದ್ದಕ್ಕಿಂತ ಎರಡು ತಿಂಗಳು ಹಿಂದಿನದು.

ಪತ್ರವನ್ನು ಆಗ ಯಾರಿಗೂ ತೋರಿಸಲಿಲ್ಲ. ಪದವಿಯ ಪ್ರಮಾಣಪತ್ರ ಕೈಗೆ ಬಂದ ದಿನ ಎರಡನ್ನೂ ದೊಡ್ಡಪ್ಪನಿಗೆ ಕೊಟ್ಟೆ. ಪ್ರಮಾಣಪತ್ರದ ಇಂಗ್ಲಿಷು ಅವರಿಗೆ ಬಾರದು, ನನ್ನ ಹೆಸರು ಎಲ್ಲಿ ಎಂದು ಕೇಳಿದರು, ತೋರಿಸಿದೆ. ಪತ್ರವನ್ನು ತಾವೇ ಓದಿದರು, ಎರಡು ಸಲ. ಪ್ರಮಾಣಪತ್ರವನ್ನು ಮಡಿಸದೆ ನನ್ನ ಕೈಗೆ ಕೊಟ್ಟು ಹೇಳಿದರು:

"ಆ ಭಾನುವಾರ ನಾನು ಅವಳನ್ನು ಎಲ್ಲರೆದುರು ಹಾಗೆ ಕೇಳಬಾರದಿತ್ತು."