ರೈಲು ಬಾರದ ಕಾದಂಬರಿ

ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು, ಎರಡನೇ ಮಹಾಯುದ್ಧದ ಕಾಲ. ನನ್ನ ಯಜಮಾನರು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ಮನೆಯಲ್ಲೇ ಓದಿಕೊಂಡು ಎಂ.ಎ. ಮುಗಿಸಬೇಕೆಂಬ ಹಟ ಅವರಿಗೆ. ಓದಬೇಕಾದ ಪುಸ್ತಕಗಳಲ್ಲಿ ಒಂದು ಇಂಗ್ಲೆಂಡಿನ ಹೊಸ ಬಗೆಯ ಕಾದಂಬರಿ. ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದರು.

"ಕತೆಯೇ ಇಲ್ಲ ಕಣೇ ಇದರಲ್ಲಿ. ನಿನಗೆ ಬಿಡಿಸಿ ಹೇಳಿದರೆ ನನಗೂ ಅರ್ಥವಾದೀತು, ಕೂತ್ಕೋ" ಎಂದರು.

ಸಂಜೆ ಜಗಲಿಯಲ್ಲಿ ನಾನೂ ನಮ್ಮತ್ತೆಯೂ ಅವರೆಕಾಯಿ ಸುಲಿಯುತ್ತ ಕೂರುವುದು, ಅವರು ಒಂದೊಂದೇ ಪುಟ ಓದಿ ಕನ್ನಡದಲ್ಲಿ ಹೇಳುವುದು. ಒಬ್ಬ ಹೆಂಗಸು ಬಹಳ ವರ್ಷಗಳ ಮೇಲೆ ಬರುತ್ತಿರುವ ತಮ್ಮನಿಗಾಗಿ ರೈಲ್ವೆ ಸ್ಟೇಷನ್ನಿನಲ್ಲಿ ಕಾಯುತ್ತಾಳೆ. ರೈಲು ತಡ. ಇಡೀ ಪುಸ್ತಕ ಅಷ್ಟೇ.

"ಆಮ್ಯಾಕೇನಾಯ್ತಪ್ಪ?" ಅತ್ತೆ ಕೇಳುವರು.

"ಇನ್ನೂ ಅಲ್ಲೇ ನಿಂತವ್ಳೆ ಕಣವ್ವ."

"ನಿನ್ನೇನೂ ನಿಂತಿದ್ಲಲ್ಲೋ! ಕೂರಾಕೆ ಒಂದು ಬೆಂಚೂ ಕೊಡ್ನಿಲ್ವಾ ಬರ್ದೋನು?"

ಯಜಮಾನರು ತಾಳ್ಮೆಯಿಂದ ವಿವರಿಸಿದರು. ಅವಳ ತಲೆಯೊಳಗೆ ಹಾದುಹೋಗುವುದೇ ಕತೆ; ಬಾಲ್ಯ, ಮದುವೆ, ಬೆಳಗಿನ ಚಹಾ ಎಲ್ಲ ಹಿಂದುಮುಂದಾಗಿ ಬರುತ್ತವೆ. ಬರೆದವನು ನಡುವೆ ಬಾಯಿ ಹಾಕಿ ಇವಳು ಒಳ್ಳೆಯವಳು, ಅವನು ಕೆಟ್ಟವನು ಎನ್ನುವುದಿಲ್ಲ. ಅಕ್ಕ ತಮ್ಮಂದಿರ ಹಳೆಯ ಜಗಳವೊಂದನ್ನು ಮೂರು ಜನ ಮೂರು ಥರ ನೆನೆಯುತ್ತಾರೆ, ಯಾವುದು ನಿಜವೆಂದು ಅವನು ತೀರ್ಪು ಕೊಡುವುದಿಲ್ಲ. ಅತ್ತೆ ಗೊಣಗುತ್ತಲೇ ಕೇಳಿದರು. ಆದರೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ಕೊನೆಯ ಪುಟದಲ್ಲಿ ದೂರದಿಂದ ಇಂಜಿನ್ನಿನ ಸಿಳ್ಳು ಕೇಳಿಸಿತು. ಪುಸ್ತಕ ಮುಗಿಯಿತು.

"ಅಂಗಂದ್ರೆ? ತಮ್ಮ ಬಂದ್ನೋ ಇಲ್ವೋ?"

"ಅದನ್ನ ನಾವೇ ಊಹಿಸ್ಕಬೇಕು ಕಣವ್ವ. ಹೊಸ ಕಾದಂಬರಿ ಅಂದ್ರೆ ಅಂಗೇನೇ."

"ನಾನ್ಯಾಕ್ ಊಯಿಸ್ಲಿ? ಬರಿಯೋದು ಅವನ ಕೆಲ್ಸ!" ಅತ್ತೆ ಮೊರ ತಳ್ಳಿ ಒಳಗೆ ಹೋದರು. ಅವರೆಕಾಳು ಜಗಲಿಯ ತುಂಬ ಉರುಳಿದವು.

ಆಮೇಲೆ ಅತ್ತೆ ಮಂಕಾಗಿಬಿಟ್ಟರು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ, "ಮಲ್ಲಿಪಟ್ಣಕ್ಕೆ ಓಗಣ, ನಡಿ. ನೀನೂ ಬಾ" ಎಂದು ನನ್ನನ್ನು ಹೊರಡಿಸಿದರು.

ಮಲ್ಲಿಪಟ್ಟಣದಲ್ಲಿ ಅತ್ತೆಯ ತಮ್ಮ, ಯಜಮಾನರ ಸೋದರಮಾವ, ಇದ್ದರು. ಆ ಮಾವಯ್ಯನಿಗೆ ತನ್ನ ಮಗಳನ್ನು ಅಕ್ಕನ ಮಗನಿಗೇ ಕೊಡಬೇಕೆಂದು ಆಸೆಯಿತ್ತು. ಯಜಮಾನರು ಓದಿದ ಹುಡುಗಿಯೇ ಬೇಕೆಂದು ಹಾಸನದಿಂದ ನನ್ನನ್ನು ತಂದರು. ಮಾವಯ್ಯ ನಮ್ಮ ಮದುವೆಗೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮರುದಿನ ಬರುತ್ತೇವೆಂದು ಯಜಮಾನರಿಗೆ ಹೇಳಿ ನಾವಿಬ್ಬರೇ ಹೊರಟೆವು. ಪೆಟ್ರೋಲ್ ಸಿಗದ ಕಾಲ. ಇದ್ದಿಲು ಉರಿಸಿದ ಗ್ಯಾಸಿನಿಂದ ಓಡುವ ಬಸ್ಸು. ಏರು ಬಂದಾಗಲೆಲ್ಲ ಇಳಿದು ನಡೆಯಬೇಕು. ಅರಕಲಗೂಡು ತಲುಪುವವರೆಗೂ ಅತ್ತೆ ಮಾತಾಡಿದರು. ತಮ್ಮನನ್ನು ಕಂಕುಳಲ್ಲಿ ಹೊತ್ತು ಹುಣಸೆಹಣ್ಣು ಆಯ್ದದ್ದು, ಅಲ್ಲಿಂದ ನಮ್ಮ ಅಡುಗೆಮನೆಯ ಸೋರುವ ಹೆಂಚು, ಅಲ್ಲಿಂದ ನನ್ನ ಮದುವೆಯ ಸೀರೆ, ಮತ್ತೆ ಹುಣಸೆಮರ. ಯಜಮಾನರು ವಿವರಿಸಲು ಒದ್ದಾಡುತ್ತಿದ್ದ ಮನಸ್ಸಿನ ಹರಿವು ನನ್ನ ಪಕ್ಕದಲ್ಲೇ ಎಲೆಅಡಿಕೆ ಮೆಲ್ಲುತ್ತ ಕೂತಿತ್ತು.

ಅರಕಲಗೂಡಿನಿಂದ ಗಾಡಿ ಹಿಡಿದು ಹೋದೆವು. ಮಾವಯ್ಯ ಕಣದಲ್ಲಿ ರಾಗಿ ತೂರುತ್ತಿದ್ದರು. ಅಕ್ಕನನ್ನು ಕಂಡು ಮೊರ ಹಿಡಿದವರು ಹಾಗೇ ನಿಂತರು. ಅತ್ತೆಯೂ ನಿಂತರು.

"ಬಿಸ್ಲಲ್ಲಿ ಯಾಕ್ ನಿಂತಿದ್ದೀಯಕ್ಕ? ಕಾಲ್ ತೊಳ್ಕೊಂಡು ಒಳೀಕ್ ಬಾ" ಎಂದರು ಮಾವಯ್ಯ ಕೊನೆಗೆ. ಅತ್ತೆ ಸೆರಗಿನಿಂದ ಅವರ ತಲೆಯ ಮೇಲಿನ ಹೊಟ್ಟು ಕೊಡವಿದರು.

ಒಳಗಿನಿಂದ ತುಂಬುಗರ್ಭಿಣಿಯೊಬ್ಬಳು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳೇ ಮಾವಯ್ಯನ ಮಗಳು, ಬಾಣಂತನಕ್ಕೆ ತವರಿಗೆ ಬಂದಿದ್ದಳು. "ಇವ್ರೇನಾ ನನ್ ಜಾಗ್ದಲ್ಲಿ ಕೂತೋರು?"

ನಾನು ನೆಲ ನೋಡಿದೆ. ಅವಳು ಗಹಗಹಿಸಿ ನಕ್ಕು ನನ್ನ ಕೈ ಹಿಡಿದಳು. "ನನ್ನ ಬದುಕಿಸ್ಬುಟ್ರಿ ಕಣಕ್ಕ! ಬಾವ ಸಣ್ಣೋನಿದ್ದಾಗ್ಲೇ ಪುಸ್ತಕ ನೋಡ್ಕೊಂಡು ನಡ್ದು ಬಾವಿಕಟ್ಟೆ ಎಡವ್ತಿದ್ದ. ಆ ಪುಸ್ತಕದ ಉಳಾನ ಯಾರ್ ಕಟ್ಕೋತಾರೆ?"

ಊಟಕ್ಕೆ ಕೂತಾಗ ಹಳೆಯ ಜಗಳ ಹೊರಬಂತು. ಅತ್ತೆ ಪ್ರಕಾರ, ಮಗನ ಆಸೆ ಹೇಳಲು ಬಂದಾಗ ತಮ್ಮನೇ ಮುಖ ಕೊಟ್ಟು ಮಾತಾಡಲಿಲ್ಲ. ಮಾವಯ್ಯನ ಪ್ರಕಾರ, ಅಕ್ಕ ಹೇಳಲು ಬಂದದ್ದೇ ಹಾಸನದ ಸಂಬಂಧ ಗೊತ್ತುಮಾಡಿದ ಮೇಲೆ. ಮಗಳ ಪ್ರಕಾರ, ಅವಳು ಅಟ್ಟದ ಮೇಲೆ ಕೂತು ಈ ಸಂಬಂಧ ಮುರಿದುಬೀಳಲಪ್ಪ ಎಂದು ದೇವರಿಗೆ ಕೈಮುಗಿಯುತ್ತಿದ್ದಳು. ಮಾವಯ್ಯ ತುತ್ತು ಎತ್ತಿದವರು ಹಾಗೇ ಮಗಳನ್ನು ನೋಡಿದರು. "ಆವತ್ತೇ ಬಾಯ್ ಬುಡಾಕೇನಾಗಿತ್ತು ನಿಂಗೆ?" ಎಂದು ರೇಗಿ, ತಾವೇ ನಕ್ಕುಬಿಟ್ಟರು. ಯಾರು ಸರಿ ಎಂದು ಯಾರೂ ಇತ್ಯರ್ಥ ಮಾಡಲಿಲ್ಲ, ಸಾರು ಬಡಿಸಿಕೊಂಡರು.

ಮರುದಿನ ವಾಪಸಾಗಬೇಕಾದವರು ವಾರವೆಲ್ಲ ಉಳಿದೆವು. ಭಾನುವಾರ ಯಜಮಾನರು ಗಾಬರಿಯಿಂದ ಹುಡುಕಿಕೊಂಡು ಬಂದರು; ಒಬ್ಬರೇ ಅಡುಗೆ ಮಾಡಿಕೊಂಡು ಸೊರಗಿದ್ದರು.

"ಏನ್ ಅಳಿಯಂದ್ರೆ, ಅದ್ಯಾವ್ದೋ ಪುಸ್ತಕ ಓದಿ ನಮ್ಮಕ್ಕನ್ನ ಅಳಿಸ್ಬುಟ್ರಂತೆ?" ಮಾವಯ್ಯ ಕೇಳಿದರು.

"ಅಳೋವಂಥದ್ದು ಅದ್ರಲ್ಲಿ ಏನೂ ಇಲ್ಲ ಮಾವ. ಅದ್ರಲ್ಲಿ ಏನೂ ನಡೆಯೋದೇ ಇಲ್ಲ."

"ನಿಂಗ್ ಏನ್ ಗೊತ್ತು, ಸುಮ್ಕಿರು" ಎಂದರು ಅತ್ತೆ.

ಆ ವರ್ಷ ಯಜಮಾನರು ಎಂ.ಎ. ಪಾಸು ಮಾಡಿದರು. ಮಾವಯ್ಯನ ಮಗಳಿಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕಿದ ದಿನ ಹೆಸರನ್ನು ಮೂರು ಸಲ ಕಿವಿಯಲ್ಲಿ ಹೇಳುವ ಗೌರವವನ್ನು ಅವಳು ನನಗೇ ಕೊಟ್ಟಳು.