ಇಂಟರ್ನೆಟ್ಟಿಗೂ ಪಾಳಿ ಹಚ್ಚಿದ ನಮ್ಮ ಓಣಿ

ಗೆಳೆಯರೇ, ಇವತ್ತು ಸಂಜೆ ಏಳರಿಂದ ಏಳೂವರೆಯವರೆಗೆ ನನ್ನ ಪಾಳಿಯಿತ್ತು. ಹೊಲಕ್ಕೆ ನೀರು ಹರಿಸುವ ಪಾಳಿಯಲ್ಲ, ಇಂಟರ್ನೆಟ್ಟಿನದು!

ಬೈಲಹೊಂಗಲದ ನಮ್ಮ ಓಣಿಯಲ್ಲಿ ಸಂಜೆಯಾದರೆ ಸಾಕು, ಬ್ರಾಡ್‌ಬ್ಯಾಂಡ್ ತೆವಳುತ್ತದೆ. ಕಾಲುವೆಯ ಕೊನೆಯಲ್ಲಿ ಹೊಲವಿರುವ ಪಕ್ಕದ ಮನೆಯ ಬಸಪ್ಪಕಾಕಾ ಹೋದ ವಾರ ತೀರ್ಪು ಕೊಟ್ಟರು: "ಎಲ್ಲಾರೂ ಒಮ್ಮೆಲೆ ನೀರ ತಿರುವಿಕೊಂಡ್ರ ಕಡೀ ಹೊಲಕ್ಕ ಏನ ಮುಟ್ಟತೈತಿ? ಪಾಳಿ ಹಚ್ಚೂಣು." ಆರೂ ಮನೆಯವರು ಒಪ್ಪಿದೆವು.

ಇವತ್ತು ತಂಗಿಯ ನೌಕರಿ ಅರ್ಜಿ ಕಳಿಸಲು ಕಡೆಯ ದಿನ. ಕಾಕಾ ಉಳಿದ ಐದೂ ಮನೆಗಳ ಮೋಡೆಮ್ ಬಂದ್ ಮಾಡಿಸಿ, ನನ್ನ ಪಕ್ಕದಲ್ಲಿ ಗಡಿಯಾರ ನೋಡುತ್ತ ಕುಳಿತರು. ಪುಟ ಅರ್ಧ ತೆರೆದು ನಿಂತುಬಿಟ್ಟಿತು. "ಯಾವನೋ ಕದ್ದು ಹರಿಸಾಕತ್ತಾನ!" ಎನ್ನುತ್ತ ಎದ್ದು ಮತ್ತೆ ಮನೆಮನೆ ಸುತ್ತಿ ಬಂದರು. ಎಲ್ಲವೂ ಬಂದ್ ಆಗಿಯೇ ಇದ್ದವು.

ಸಿಟ್ಟಿನಲ್ಲಿ ಕಂಪನಿಗೆ ಫೋನ್ ಮಾಡಿ, ಕಾಕಾಗೂ ಕೇಳಲೆಂದು ಸ್ಪೀಕರ್ ಹಚ್ಚಿದೆ. ಅಲ್ಲಿದ್ದವನು ಭಾಳ ವಿನಯದಿಂದ ಹೇಳಿದ: "ಸರ್, ಒಂದು ವಾರದಿಂದ ನಿಮ್ಮ ಓಣ್ಯಾಗ ಸಂಜಿಮುಂದ ಯಾರೂ ಅಷ್ಟು ಬಳಸಂಗಿಲ್ರಿ. ಅದಕ್ಕ ನಿಮ್ಮ ಸ್ಪೀಡ್ ಕಡಿಮಿ ಮಾಡಿ ಬಜಾರದ ಕಡೆ ಬಿಟ್ಟೇವ್ರಿ."

ಕಾಕಾ ತಲೆಯ ಮೇಲೆ ಕೈಯಿಟ್ಟುಕೊಂಡರು. "ಲೇ ತಮ್ಮಾ, ನಾವ ಕಾವಲಾ ಕುಂತು ನಮ್ಮ ನೀರ ಮಂದಿ ಹೊಲಕ್ಕ ಹರಿಸೇವಲ್ಲೋ!"

ಅರ್ಜಿಯನ್ನೇನೋ ಕಳಿಸಿದೆ. ಬಜಾರದ ಸೈಬರ್ ಕೆಫೆಗೆ ಓಡಿಹೋಗಿ, ನಮ್ಮದೇ ಓಣಿಯ ಸ್ಪೀಡನ್ನು ಬಾಡಿಗೆಗೆ ಹಿಡಿದು.